ಸಾಕು ಉಡದ ಆವರಣ ಮತ್ತು ಸಂತಾನೋತ್ಪತ್ತಿ: ದೋಷವನ್ನು ಮೂಲದಲ್ಲೇ ಹುಡುಕುವ ಕ್ರಮ

ಆವರಣದಲ್ಲಿ ಸಾಕಿದ ಉಡದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದೆಡೆ, ಕಾಣಿಸಿಕೊಳ್ಳುವುದು ಇನ್ನೊಂದೆಡೆ. ಹೆಣ್ಣು ಉಡವು ನೀರಿನ ತೊಟ್ಟಿಯ ಪಕ್ಕದಲ್ಲಿ ಮೊಟ್ಟೆಗಳನ್ನು ಚೆಲ್ಲಿ ಹೋದರೆ ಸಾಕಿದವರು ಅದರ ಆರೋಗ್ಯವನ್ನು ಶಂಕಿಸುತ್ತಾರೆ, ಆದರೆ ತಪ್ಪು ಬಹುಮಟ್ಟಿಗೆ ಮಣ್ಣಿನ ಆಳದಲ್ಲಿರುತ್ತದೆ. ಬೆರಳಿನ ತುದಿ ಕಪ್ಪಾಗಿ ಉದುರಿದರೆ ಮುಲಾಮು ಹಚ್ಚುತ್ತಾರೆ, ಆದರೆ ತಪ್ಪು ಆವರಣದ ಮೇಲ್ಭಾಗದ ಜಾಲರಿಯಲ್ಲಿರುತ್ತದೆ. ಆದ್ದರಿಂದ ಇಲ್ಲಿ ಅನುಸರಿಸಿರುವ ಕ್ರಮವೆಂದರೆ, ಪ್ರಾಣಿಯನ್ನು ಶಂಕಿಸುವ ಮೊದಲು ಅದರ ಕಾವು, ನೀರು ಮತ್ತು ಮಣ್ಣನ್ನು ಅಳೆದು ನೋಡುವುದು.

ಆರಂಭಕ್ಕೂ ಮೊದಲು ಒಂದು ಮಾತು. ಉಡಗಳೆಲ್ಲ ಸೇರುವ ವರಾನಸ್ ಕುಲದ ಎಲ್ಲ ಪ್ರಭೇದಗಳೂ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿವೆ. ಬಂಗಾಳ ಉಡ, ಹಳದಿ ಉಡ, ಮರುಭೂಮಿ ಉಡ ಮತ್ತು ಕೊಮೊಡೊ ಉಡಗಳು ಅತ್ಯಂತ ಬಿಗಿಯಾದ ಮೊದಲ ಅನುಬಂಧದಲ್ಲಿವೆ. ಈ ಬರಹವು ಕಾನೂನಿನ ಅನುಮತಿಯುಳ್ಳ, ಆವರಣದಲ್ಲೇ ಹುಟ್ಟಿದ ಉಡಗಳನ್ನು ಕುರಿತದ್ದು. ಕಾಡಿನಿಂದ ಹಿಡಿದು ತಂದ ಉಡದ ಮೊದಲ ದೋಷ ಅದನ್ನು ಹಿಡಿದದ್ದೇ ಆಗಿದ್ದು, ಅದಕ್ಕೆ ಇಲ್ಲಿ ಪರಿಹಾರವಿಲ್ಲ.

ಮೊದಲು ಅಳತೆ

ಮೇಲ್ಮೈಯ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್, ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್, ತೇವಾಂಶ ಮಾಪಕ ಮತ್ತು ಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ, ಇಷ್ಟಿಲ್ಲದೆ ಉಡದ ಯಾವ ದೋಷವನ್ನೂ ನಂಬಿಕೆಯಿಂದ ಗುರುತಿಸಲಾಗದು. ಗೋಡೆಗೆ ಅಂಟಿಸುವ ಮುಳ್ಳಿನ ಮಾಪಕವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ತಾನು ಅಂಟಿಕೊಂಡ ಗೋಡೆಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಉಡ ಮಲಗುವ ಕಲ್ಲಿನ ಸ್ಥಿತಿಯನ್ನಲ್ಲ.

ದೀಪ ಹಚ್ಚಿ ಮೂರು ಗಂಟೆ ಕಳೆದ ಮೇಲೆ ಅಳೆಯಬೇಕು. ಮೈ ಕಾಯಿಸುವ ಜಾಗದ ಮೇಲ್ಮೈ, ತಂಪು ತುದಿಯ ಗಾಳಿ, ಬಿಲದ ಒಳಗಿನ ಗಾಳಿ, ಮೇಲಿನ ಮಣ್ಣು ಮತ್ತು 20 ಸೆಂ.ಮೀ. ಆಳದ ಮಣ್ಣು, ಈ ಐದೂ ಕಡೆಯ ಉಷ್ಣತೆಯನ್ನು ಬರೆದುಕೊಂಡು, ಬೆಳಗಿನ ಜಾವ ದೀಪ ಹತ್ತುವ ಮೊದಲು ಮತ್ತೊಮ್ಮೆ ಅಳೆಯಬೇಕು. ಒಂದು ವಾರ ಹೀಗೆ ಬರೆದಿಡುವವರೆಗೆ, ಪ್ರಾಣಿಗೆ ತುರ್ತು ಅಪಾಯವಿಲ್ಲದಿದ್ದರೆ, ಏನನ್ನೂ ಬದಲಿಸಬಾರದು. ಬದಲಿಸಿದಾಗಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ದೀಪ, ಆಹಾರ, ಮಣ್ಣು ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ಉಡ ಚೇತರಿಸಿಕೊಂಡರೂ ಯಾವುದರಿಂದ ಚೇತರಿಸಿಕೊಂಡಿತು ಎಂಬುದು ತಿಳಿಯುವುದಿಲ್ಲ, ಮತ್ತು ಅದೇ ದೋಷ ಮರುಕಳಿಸಿದಾಗ ಅವರು ಮೊದಲಿನಷ್ಟೇ ಕತ್ತಲಲ್ಲಿರುತ್ತಾರೆ.

ಉಡ ದಿನವಿಡೀ ದೀಪದಡಿಯಲ್ಲೇ ಇರುತ್ತದೆ, ಅಥವಾ ಮೇವು ಬಿಟ್ಟಿದೆ

ಚಟುವಟಿಕೆಯಲ್ಲಿರುವ ಉಡದ ಮೈ ಉಷ್ಣತೆ ಸಾಮಾನ್ಯವಾಗಿ 35ರಿಂದ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದನ್ನು ಬೇಗ ಮುಟ್ಟಿ, ಬೇಗ ಬೇಟೆಗೆ ಹೊರಡಬೇಕಾದ ಪ್ರಾಣಿಗೆ ಕಾಯುವ ಜಾಗದ ಮೇಲ್ಮೈ ಅದಕ್ಕಿಂತ ಬಹಳ ಬಿಸಿಯಾಗಿರಬೇಕು. ಮುಳ್ಳುಬಾಲದ ಅಕಿ ಉಡಕ್ಕೆ ಮತ್ತು ಸವನ್ನಾ ಉಡಕ್ಕೆ 50ರಿಂದ 60 ಡಿಗ್ರಿಯಷ್ಟು ಮೇಲ್ಮೈ ಉಷ್ಣತೆ ಅತಿಯಲ್ಲ. ಮರದ ಮೇಲೆ ಬಾಳುವ ಹಸಿರು ಉಡದಂಥ ಪ್ರಭೇದಗಳಿಗೆ ಇದಕ್ಕಿಂತ ಕಡಿಮೆ ಸಾಕು. ಈ ಅಂಕಿಗಳನ್ನು ಕಂಡು ಹೆದರಿ 35 ಡಿಗ್ರಿಗೆ ನಿಲ್ಲಿಸಿದವರ ಉಡ ಇಡೀ ದಿನ ದೀಪದಡಿಯಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತದೆ. ಅದನ್ನು ಸಾಧು ಸ್ವಭಾವವೆಂದು ತಿಳಿಯುವವರಿದ್ದಾರೆ. ಅದು ಸ್ವಭಾವವಲ್ಲ, ಚಳಿ. ತಣ್ಣಗಿನ ಹೊಟ್ಟೆಯಲ್ಲಿ ಮೇವು ಅರಗುವುದಿಲ್ಲ, ಅರಗದಿದ್ದರೆ ಹಸಿವಾಗುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಒಂದೇ ದೊಡ್ಡ ಬಲ್ಬನ್ನು ಹತ್ತಿರಕ್ಕೆ ಇಳಿಸಿದರೆ ಮಾಪಕ 60 ಡಿಗ್ರಿ ತೋರಿಸುತ್ತದೆ, ಆದರೆ ಬಿಸಿ ಬೀಳುವುದು ಅಂಗೈ ಅಗಲದಷ್ಟು ಜಾಗಕ್ಕೆ ಮಾತ್ರ. ಆಗ ಉಡದ ಬೆನ್ನಿನ ಒಂದು ತುಣುಕು ಸುಡುತ್ತದೆ, ಉಳಿದ ಮೈ ತಣ್ಣಗೇ ಇರುತ್ತದೆ. ಮೈ ಕಾಯಲಿಲ್ಲವೆಂದು ಉಡ ಅಲ್ಲೇ ಕದಲದೆ ಕೂತು ಇನ್ನಷ್ಟು ಸುಟ್ಟುಕೊಳ್ಳುತ್ತದೆ. ಬೆನ್ನ ಮೇಲೆ ಒಂದೇ ಕಡೆ ಹುರುಪೆ ಕಂದಾಗಿ ಗಟ್ಟಿಯಾಗಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಕಡಿಮೆ ವ್ಯಾಟಿನ ಎರಡು, ಮೂರು ಅಥವಾ ನಾಲ್ಕು ಹ್ಯಾಲೊಜೆನ್ ಫ್ಲಡ್ ಬಲ್ಬ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಮೂತಿಯಿಂದ ಬಾಲದ ಬುಡದವರೆಗಿನ ಮೈ ಪೂರ್ತಿ ಬಿಸಿಯ ವಲಯದೊಳಗೆ ಬರುವಂತೆ ಮಾಡುವುದೇ ಪರಿಹಾರ. ದೀಪದ ಕೆಳಗೆ ಪ್ಲೈವುಡ್ ಹಲಗೆಗಳನ್ನು ಒಂದರ ಮೇಲೊಂದು, ನಡುವೆ ಉಡ ನುಸುಳುವಷ್ಟು ಸಂದು ಬಿಟ್ಟು ಜೋಡಿಸಿದರೆ ಮೇಲಿನ ಹಲಗೆ ಕಾದಿರುತ್ತದೆ, ಕೆಳಗಿಳಿದಂತೆ ಒಂದೊಂದು ಹಲಗೆಯೂ ತಣ್ಣಗಾಗುತ್ತದೆ. ಇದನ್ನು ಬಳಕೆಗೆ ತಂದ ಫ್ರ್ಯಾಂಕ್ ರೆಟೆಸ್ ಅವರ ಹೆಸರಿನಿಂದ ಸಾಕಣೆದಾರರು ಇದನ್ನು ರೆಟೆಸ್ ಸ್ಟ್ಯಾಕ್ ಎನ್ನುತ್ತಾರೆ. ಅಡಗಿ ಕೂತೇ ಮೈ ಕಾಯಿಸಲು ಅವಕಾಶ ಕೊಡುವ ಇದಕ್ಕಿಂತ ಸರಳವಾದ ಏರ್ಪಾಟನ್ನು ನಾನು ಕಂಡಿಲ್ಲ; ಅಂಜುವ ಉಡಗಳಿಗಂತೂ ಇದು ವರವೇ ಸರಿ.

ಉಷ್ಣತೆ ದಿನದಿಂದ ದಿನಕ್ಕೆ ಏರಿಳಿದರೆ, ಬಿಸಿಯನ್ನು ಅಳೆದು ದೀಪವನ್ನು ತಾನೇ ಹತ್ತಿಸಿ ಆರಿಸುವ ಥರ್ಮೋಸ್ಟಾಟಿನ ಸಂವೇದಕ ಎಲ್ಲಿದೆ ಎಂದು ನೋಡಬೇಕು. ಉಡವು ಅದನ್ನು ಕಿತ್ತು ಮಣ್ಣಿನಲ್ಲಿ ಹೂತಿದ್ದರೆ ಉಪಕರಣವು ತಣ್ಣನೆಯ ಮಣ್ಣನ್ನು ಅಳೆಯುತ್ತಾ ದೀಪವನ್ನು ಆರಿಸದೇ ಉರಿಸುತ್ತದೆ.

ಪೊರೆ ಬೆರಳಲ್ಲಿ ಉಳಿಯುತ್ತದೆ, ಬಿಲ ಕುಸಿಯುತ್ತದೆ, ಮಣ್ಣು ಧೂಳಾಗುತ್ತದೆ

ಈ ಮೂರೂ ಒಂದೇ ದೋಷದ ಮುಖಗಳು. ಮೇಲ್ಭಾಗ ಪೂರ್ತಿ ಜಾಲರಿಯಾಗಿರುವ ಆವರಣದಲ್ಲಿ ದೀಪದಿಂದ ಕಾದ ಗಾಳಿ ಮೇಲೇರಿ ಹೊರಹೋಗುತ್ತದೆ, ಅದರ ಜಾಗಕ್ಕೆ ಕೋಣೆಯ ಒಣ ಗಾಳಿ ನುಗ್ಗುತ್ತದೆ, ಅದೂ ಕಾದು ತೇವವನ್ನು ಹೀರಿಕೊಂಡು ಮೇಲೇರುತ್ತದೆ. ಹೊಗೆಗೂಡಿನಲ್ಲಿ ನಡೆಯುವುದೂ ಇದೇ. ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದರೂ ಮೇಲ್ಮೈ ಕೆಸರಾಗುತ್ತದೆಯೇ ಹೊರತು ಆಳ ಒಣಗಿಯೇ ಇರುತ್ತದೆ. ಜಾಲರಿಯ ಮೇಲೆ ಅಂಗೈ ಹಿಡಿದು ನೋಡಿದಾಗ ಬಿಸಿಗಾಳಿ ಒಂದೇ ಸಮನೆ ತಾಕುತ್ತಿದ್ದರೆ ಆ ಆವರಣದ ನೀರು ಹೋಗುತ್ತಿರುವ ದಾರಿ ಅದೇ.

ಮೇಲ್ಭಾಗವನ್ನು ಗಟ್ಟಿ ಹಲಗೆಯಿಂದ ಮುಚ್ಚಿ, ಬಲ್ಬ್‌ಗಳನ್ನು ಒಳಗೇ ಅಳವಡಿಸಿ, ಗಾಳಿಯಾಡಲು ಸಣ್ಣ ಸಂದುಗಳನ್ನಷ್ಟೇ ಉಳಿಸಬೇಕು. ಬಾಗಿಲು ತೆಗೆದು ಮುಚ್ಚುವಾಗಲೇ ಸಾಕಷ್ಟು ಗಾಳಿ ಬದಲಾಗುತ್ತದೆ. ಅಕಿ ಉಡವು ಒಣ ನಾಡಿನದು, ಅದಕ್ಕೆ ತೇವ ಬೇಡ ಎಂಬ ವಾದವಿದೆ. ಅದು ಅರ್ಧ ಸತ್ಯ. ನೆಲದ ಮೇಲೆ ಒಣ ಗಾಳಿಯಿದ್ದರೂ ಆ ಪ್ರಾಣಿ ದಿನದ ಬಹುಪಾಲನ್ನು ಕಳೆಯುವುದು ಬಂಡೆಯ ಸಂದಿನಲ್ಲಿ, ಬಿಲದಲ್ಲಿ. ಅಲ್ಲಿಯ ಗಾಳಿ ಹೊರಗಿನದಕ್ಕಿಂತ ಬಹಳ ತೇವವಾಗಿರುತ್ತದೆ. ಸವನ್ನಾ ಉಡದ ವಿಷಯದಲ್ಲೂ ಹೀಗೆಯೇ.

ಮಣ್ಣಿನ ಹದವನ್ನು ಕೈಯಿಂದಲೇ ಪರೀಕ್ಷಿಸಬಹುದು. 20 ಸೆಂ.ಮೀ. ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿದು ಬಿಡಬೇಕು. ಉಂಡೆ ಕಟ್ಟಿ ನಿಂತು, ಬೆರಳಿನಿಂದ ತಟ್ಟಿದಾಗ ಎರಡು ಮೂರು ಹೆಂಟೆಯಾಗಿ ಒಡೆದರೆ ಹದ ಸರಿಯಿದೆ. ಸಕ್ಕರೆಯಂತೆ ಬೆರಳ ಸಂದಿನಿಂದ ಸುರಿದರೆ ಅದರಲ್ಲಿ ಯಾವ ಬಿಲವೂ ನಿಲ್ಲದು. ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಅತಿಯಾಯಿತು. ಮರಳು ಬೆರೆತ ತೋಟದ ಮಣ್ಣು, ಯಾವ ಗೊಬ್ಬರವೂ ಔಷಧವೂ ಸೇರದ್ದು, ಈ ಕೆಲಸಕ್ಕೆ ಉತ್ತಮ. ತೆಂಗಿನ ನಾರಿನ ಪುಡಿಯೊಂದರಲ್ಲೇ ಬಿಲ ನಿಲ್ಲುವುದಿಲ್ಲ. ಆಳ ಅಕಿ ಉಡಕ್ಕೆ 30 ಸೆಂ.ಮೀ.ಗೆ ಕಡಿಮೆಯಿರಬಾರದು, ದೊಡ್ಡ ಸವನ್ನಾ ಉಡಕ್ಕೆ 60 ಸೆಂ.ಮೀ. ಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ: 240 ಸೆಂ.ಮೀ. ಉದ್ದ, 120 ಸೆಂ.ಮೀ. ಅಗಲದ ಆವರಣಕ್ಕೆ 60 ಸೆಂ.ಮೀ. ಹಸಿ ಮಣ್ಣು ತುಂಬಿದರೆ ಅದು ಸುಮಾರು ಎರಡೂವರೆ ಟನ್ ತೂಗುತ್ತದೆ. ಬಾಗಿಲು ಸರಿಯಾಗಿ ಕೂರುತ್ತಿಲ್ಲ, ಗಾಜು ಜರುಗುತ್ತಿಲ್ಲ ಎಂಬ ದೂರಿನ ಹಿಂದೆ ಉಬ್ಬಿದ ಪಕ್ಕದ ಹಲಗೆ ಇರುವುದುಂಟು.

ಬೆರಳಿನಲ್ಲಿ ಉಳಿದ ಪೊರೆ ಮೊದಲು ಬಿಳಿ ದಾರ ಸುತ್ತಿದಂತೆ ಕಾಣುತ್ತದೆ. ಮುಂದಿನ ಪೊರೆ ಅದರ ಮೇಲೆ ಸೇರಿ ಬಿಗಿಯುತ್ತದೆ, ರಕ್ತ ಹರಿಯದೆ ತುದಿ ಕಪ್ಪಾಗುತ್ತದೆ. ದಾರದ ಹಂತದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಎಳೆದು ಕೀಳಬಾರದು.

ಒಣ ಆವರಣದ ಹಾನಿ ಚರ್ಮದಲ್ಲೇ ನಿಲ್ಲುವುದಿಲ್ಲ. ಹಿಕ್ಕೆಯೊಂದಿಗೆ ಬರುವ ಬಿಳಿಯ ಭಾಗ ಯೂರಿಕ್ ಆಮ್ಲ. ಅದು ಮೆತ್ತಗೆ ಬೆಳ್ಳಗಿದ್ದರೆ ನೀರಿನಂಶ ಸರಿಯಿದೆ. ಹಳದಿಯಾಗಿ, ಮರಳಿನಂತೆ ಗರಗರ ಎನ್ನುತ್ತಿದ್ದರೆ ದೇಹದಲ್ಲಿ ನೀರು ಸಾಲುತ್ತಿಲ್ಲ. ಇದನ್ನು ತಿಂಗಳುಗಟ್ಟಲೆ ಅಲಕ್ಷಿಸಿದರೆ ಮೂತ್ರಪಿಂಡ ಸೋತು, ಕೀಲುಗಳಲ್ಲೂ ಒಳ ಅಂಗಗಳಲ್ಲೂ ಹರಳು ಕಟ್ಟುವ ಗೌಟ್ ರೋಗ ಬರುತ್ತದೆ. ಕೀಲು ಊದಿ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ನೀರಿನ ತೊಟ್ಟಿ ತುಂಬಿದ್ದರೂ ಈ ಕೊರತೆ ಬರಬಹುದು, ಏಕೆಂದರೆ ಉಡವು ಕುಡಿಯುವ ನೀರಿಗಿಂತ ಒಣ ಗಾಳಿಗೆ ಕಳೆದುಕೊಳ್ಳುವ ನೀರೇ ಹೆಚ್ಚಾಗಿರುತ್ತದೆ.

ಗಂಟಲು ಉಬ್ಬುತ್ತದೆ, ಬಾಯಿ ತೆರೆದಿದೆ

ಗಂಟಲನ್ನು ಉಬ್ಬಿಸಿ ತಗ್ಗಿಸುವುದು ರೋಗವಲ್ಲ. ನಡೆಯುವಾಗ ಉಡಗಳು ಗಂಟಲನ್ನು ತಿದಿಯಂತೆ ಬಳಸಿ ಶ್ವಾಸಕೋಶಕ್ಕೆ ಗಾಳಿ ನೂಕುತ್ತವೆ. ಸವನ್ನಾ ಉಡಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು. ದೀಪದಡಿಯಲ್ಲಿ ಬಾಯಿ ತೆರೆದು, ತಂಪಿಗೆ ಸರಿದ ಮೇಲೆ ಮುಚ್ಚಿದರೆ ಅದು ಬಿಸಿ ಇಳಿಸಿಕೊಳ್ಳುವ ಕ್ರಮ. ತಂಪು ತುದಿಯೇ ಇಲ್ಲದ ಆವರಣದಲ್ಲಿ ಅದೇ ಅಪಾಯದ ಸೂಚನೆ. ತಂಪಿನಲ್ಲಿಯೂ ಬಾಯಿ ತೆರೆದಿದ್ದು, ಲೋಳೆ ಅಥವಾ ಗುಳ್ಳೆ ಕಂಡು, ಉಸಿರಿನಲ್ಲಿ ಶಬ್ದವಿದ್ದರೆ ಶ್ವಾಸಕೋಶದ ಸೋಂಕನ್ನು ಶಂಕಿಸಿ ಸರೀಸೃಪಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಅಂದೇ ಒಯ್ಯಬೇಕು.

ಹಿಡಿತ ಸಡಿಲವಾಗಿದೆ, ದವಡೆ ಮೆತ್ತಗಾಗಿದೆ

ಉಡದ ಪಟ್ಟು ಎಂಬುದು ನಮ್ಮ ಮಾತಿನಲ್ಲೇ ಬಿಗಿತಕ್ಕೆ ಇನ್ನೊಂದು ಹೆಸರು. ಅಂಥ ಪ್ರಾಣಿ ಕೊಂಬೆಯಿಂದ ಜಾರುತ್ತಿದ್ದರೆ, ಬೆರಳುಗಳು ನಡುಗುತ್ತಿದ್ದರೆ, ಕೆಳದವಡೆ ಒತ್ತಿದಾಗ ಬಾಗುತ್ತಿದ್ದರೆ ಮೂಳೆಗೆ ಕ್ಯಾಲ್ಸಿಯಂ ಸೇರುತ್ತಿಲ್ಲ. ಇಲ್ಲಿ ಎರಡು ವಿಷಯಗಳನ್ನು ಬೇರೆಬೇರೆಯಾಗಿ ಪರಿಶೀಲಿಸಬೇಕು. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಲೇಪಿಸಿ ಕೊಡಲಾಗುತ್ತಿದೆಯೇ, ಮತ್ತು ಆ ಕ್ಯಾಲ್ಸಿಯಂ ಹೀರಿಕೆಗೆ ಬೇಕಾದ ಡಿ3 ಜೀವಸತ್ವವು ಯುವಿಬಿ ಎಂಬ ನೇರಳಾತೀತ ಬೆಳಕಿನಿಂದಲೋ ಪೂರಕದಿಂದಲೋ ದೊರೆಯುತ್ತಿದೆಯೇ. ಯುವಿಬಿ ಕೊಳವೆ ಬೆಳಗುತ್ತಿರುವುದು ಸಾಕ್ಷ್ಯವಲ್ಲ. ಕಣ್ಣಿಗೆ ಬೆಳಕು ಕಾಣುತ್ತಿದ್ದರೂ ಯುವಿಬಿ ಕುಗ್ಗಿರುತ್ತದೆ, ಆದ್ದರಿಂದ ಸುಮಾರು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ನಡುವೆ ಗಾಜು ಇದ್ದರೆ ಯುವಿಬಿ ಬಹುತೇಕ ದಾಟುವುದೇ ಇಲ್ಲ.

ಜೋಡಿ ಇದೆ, ಮೊಟ್ಟೆ ಇಲ್ಲ

ಮೊದಲ ಪ್ರಶ್ನೆ, ಅದು ನಿಜಕ್ಕೂ ಜೋಡಿಯೇ ಎಂಬುದು. ಉಡಗಳ ಲಿಂಗವನ್ನು ಹೊರನೋಟದಿಂದ ಹೇಳುವುದು ಕಷ್ಟ. ಅಕಿ ಉಡದ ಗಂಡಿನ ಬಾಲದ ಬುಡದ ಎರಡೂ ಬದಿಗೆ ಚೂಪು ಹುರುಪೆಗಳ ಗೊಂಚಲು ಎದ್ದು ಕಾಣುತ್ತದೆಯಾದರೂ ಎಳೆಯ ಪ್ರಾಣಿಗಳಲ್ಲಿ ಅದು ನಂಬಲು ಬರುವುದಿಲ್ಲ. ಹೆಣ್ಣುಗಳಲ್ಲೂ ಗಂಡಿನ ಜನನಾಂಗವನ್ನು ಹೋಲುವ ಸಣ್ಣ ಅಂಗವಿದ್ದು ಅದು ಹೊರಚಾಚಿದಾಗ ಅನುಭವಿಗಳೂ ಮೋಸಹೋಗುತ್ತಾರೆ. ಕೆಲವು ಪ್ರಭೇದಗಳ ಗಂಡಿನಲ್ಲಿ ಈ ಅಂಗದೊಳಗೆ ಸಣ್ಣ ಮೂಳೆಯಿದ್ದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಡಿಎನ್‌ಎ ಪರೀಕ್ಷೆಯೂ ಉಂಟು. ಒಂಟಿಯಾಗಿರುವ ಉಡ ಮೊಟ್ಟೆಯಿಟ್ಟರೆ ಅದು ಹೆಣ್ಣು ಎಂಬುದಂತೂ ಖಚಿತ. ಅಂಥ ಮೊಟ್ಟೆಗಳನ್ನು ಪರೀಕ್ಷಿಸದೆ ಎಸೆಯಬಾರದು: ಗಂಡಿಲ್ಲದೆಯೇ ಕೊಮೊಡೊ ಉಡಗಳು ಫಲವಂತ ಮೊಟ್ಟೆಯಿಟ್ಟದ್ದು 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮತ್ತು ಲಂಡನ್ ಮೃಗಾಲಯಗಳಿಂದ ವರದಿಯಾಗಿದೆ.

ಎರಡನೆಯದು ಆಹಾರ. ಹಸಿದ ಹೆಣ್ಣು ಮೊಟ್ಟೆ ಕಟ್ಟುವುದಿಲ್ಲ, ಆದರೆ ಕೊಬ್ಬಿದ ಹೆಣ್ಣೂ ಕಟ್ಟುವುದಿಲ್ಲ. ಕಾಡಿನಲ್ಲಿ ಹೆಚ್ಚಾಗಿ ಹುಳ, ಜೀರುಂಡೆ, ಬಸವನಹುಳುಗಳಂಥವನ್ನು ತಿಂದು ಬಾಳುವ ಸವನ್ನಾ ಉಡಕ್ಕೆ ಇಲಿಗಳನ್ನೇ ಮೇಯಿಸಿದರೆ ಹೊಟ್ಟೆಯೊಳಗೆ ಕೊಬ್ಬಿನ ಗಡ್ಡೆ ಬೆಳೆಯುತ್ತದೆ, ಸಾಕಿದವರು ಅದನ್ನು ಮೊಟ್ಟೆಯೆಂದು ಭ್ರಮಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ತೂಕದ ಪಟ್ಟಿ ಈ ಗೊಂದಲವನ್ನು ಬಿಡಿಸುತ್ತದೆ: ಮೊಟ್ಟೆಯ ತೂಕ ಕೆಲವೇ ವಾರಗಳಲ್ಲಿ ಏರಿ, ಇಟ್ಟ ದಿನ ಒಮ್ಮೆಲೇ ಇಳಿಯುತ್ತದೆ, ಕೊಬ್ಬಿನ ತೂಕ ನಿಧಾನವಾಗಿ ಏರಿ ಅಲ್ಲೇ ನಿಲ್ಲುತ್ತದೆ.

ಹೆಣ್ಣು ಎಲ್ಲೆಂದರಲ್ಲಿ ಅಗೆಯುತ್ತದೆ, ಮೊಟ್ಟೆಯಿಡುವುದಿಲ್ಲ

ಈ ಕೈಪಿಡಿಯಲ್ಲಿ ಪ್ರಾಣಕ್ಕೆ ಎರವಾಗುವ ದೋಷವೆಂದರೆ ಇದು, ಮತ್ತು ಬಹಳಷ್ಟು ಸಂದರ್ಭಗಳಲ್ಲಿ ತಪ್ಪಿಸಬಹುದಾದದ್ದೂ ಇದೇ. ಅನುಕೂಲವಾದ ಜಾಗ ಸಿಗದ ಹೆಣ್ಣು ಮೊಟ್ಟೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊನೆಗೆ ಸೋತು ಮೇಲ್ಮೈಯಲ್ಲೋ ನೀರಿನಲ್ಲೋ ಚೆಲ್ಲುತ್ತದೆ, ಇಲ್ಲವೇ ಮೊಟ್ಟೆಗಳು ಒಳಗೇ ಸಿಕ್ಕಿಕೊಂಡು ಸಾಯುತ್ತದೆ.

ನಾನು ಸಾಕಿದ್ದ ಅಕಿ ಹೆಣ್ಣೊಂದು ಐದು ದಿನಗಳಲ್ಲಿ ನಾಲ್ಕು ಕುಳಿ ತೋಡಿತು. ಪ್ರತಿ ಕುಳಿಯಲ್ಲೂ ಮುಂಗಾಲಿನಿಂದ ಮಣ್ಣು ಕೆದರಿ, ಮೂತಿಯನ್ನು ತಳಕ್ಕೆ ಒತ್ತಿ, ನಾಲಗೆಯನ್ನು ಎರಡು ಮೂರು ಸಲ ಚಾಚಿ, ಸ್ವಲ್ಪ ಹೊತ್ತು ಅಲ್ಲಾಡದೆ ನಿಂತು, ಹಿಂದೆ ಸರಿಯುತ್ತಿತ್ತು. ಅದು ಏನನ್ನು ಅಳೆಯುತ್ತಿದೆ ಎಂದು ನನಗೆ ಹೊಳೆದದ್ದು ನಾಲ್ಕನೆಯ ಕುಳಿಯ ನಂತರ. ಅದರ ತಳಕ್ಕೆ ಸಂವೇದಕ ಇಳಿಸಿ ನೋಡಿದಾಗ 22 ಡಿಗ್ರಿ ಇತ್ತು. ಮೇಲಿನ ಮಣ್ಣು 34 ಡಿಗ್ರಿ ಇದ್ದುದರಿಂದ ನಾನು ನಿಶ್ಚಿಂತನಾಗಿದ್ದೆ. ದೀಪದ ಬಿಸಿ ಮಣ್ಣಿನ ಮೊದಲ ಕೆಲವು ಸೆಂ.ಮೀ. ದಾಟಿರಲಿಲ್ಲ. ಅಂದು ಸಂಜೆ ಹಸಿ ಮಣ್ಣು ತುಂಬಿದ ಮುಚ್ಚಿದ ಪೆಟ್ಟಿಗೆಯೊಂದನ್ನು, ಪಕ್ಕದಲ್ಲಿ ಥರ್ಮೋಸ್ಟಾಟಿಗೆ ಜೋಡಿಸಿದ ಹೀಟ್ ಮ್ಯಾಟ್ ಕಟ್ಟಿ, ತಳದ ಮಣ್ಣು 30 ಡಿಗ್ರಿಗೆ ಬಂದ ಮೇಲೆ ಆವರಣದಲ್ಲಿಟ್ಟೆ. ಮೂರನೆಯ ಬೆಳಿಗ್ಗೆ ಪೆಟ್ಟಿಗೆಯ ಬಾಯಿ ಮಣ್ಣಿನಿಂದ ಒತ್ತಿ ಮುಚ್ಚಿತ್ತು, ಹೆಣ್ಣಿನ ಪಕ್ಕೆಗಳು ಒಳಕ್ಕೆ ಸೇರಿದ್ದವು, ಮೂತಿಯ ಮೇಲೆ ಮಣ್ಣು ಒಣಗಿ ಅಂಟಿತ್ತು.

ಮೊಟ್ಟೆಯಿಡುವ ಜಾಗದ ತಳದಲ್ಲಿ 28ರಿಂದ 31 ಡಿಗ್ರಿ, ಉಂಡೆ ಕಟ್ಟುವ ತೇವ ಮತ್ತು ಕತ್ತಲೆ, ಈ ಮೂರೂ ಒಂದೇ ಕಡೆ ದೊರೆಯಬೇಕು. ನೈಲ್ ಉಡ ಮತ್ತು ಲೇಸ್ ಉಡಗಳು ಗೆದ್ದಲುಗೂಡಿನೊಳಗೆ ಮೊಟ್ಟೆಯಿಡುವುದು ಅಲ್ಲಿ ಬಿಸುಪು ಮತ್ತು ತೇವ ಎರಡೂ ಸ್ಥಿರವಾಗಿರುವುದರಿಂದಲೇ. ಕೂಡಿದ ಮೂರರಿಂದ ಐದು ವಾರಗಳಲ್ಲಿ ಅಕಿ ಹೆಣ್ಣು ಮೊಟ್ಟೆಯಿಡುತ್ತದೆಯಾದ್ದರಿಂದ ಕೂಡುವುದನ್ನು ಕಂಡ ದಿನವೇ ಜಾಗವನ್ನು ಸಿದ್ಧಪಡಿಸಬೇಕು, ಮತ್ತು ಅಗೆಯುವಾಗ ಪದೇ ಪದೇ ಇಣುಕಬಾರದು. ಜಾಗ ಸರಿಯಿದ್ದೂ ಹೆಣ್ಣು ಮುಕ್ಕರಿಯುತ್ತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ, ಕಣ್ಣು ಗುಳಿಬಿದ್ದು ಏಳಲಾರದೆ ಇದ್ದರೆ ಮನೆಮದ್ದಿನ ಮಾತೇ ಬೇಡ. ಎಕ್ಸ್‌ರೇ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಪಶುವೈದ್ಯರೇ ಬೇಕು. ಹೊಟ್ಟೆ ಒತ್ತಿ ಮೊಟ್ಟೆ ಹೊರತೆಗೆಯಲು ಯತ್ನಿಸಿದರೆ ಒಳಗೇ ಒಡೆಯುತ್ತದೆ.

ಮೊಟ್ಟೆ ಕಾವಿನಲ್ಲಿ ಕೆಡುತ್ತದೆ

ಮೊಟ್ಟೆಗಳನ್ನು ತೆಗೆಯುವಾಗ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಅದೇ ಭಾಗ ಮೇಲಿರುವಂತೆ ಇಡಬೇಕು. ಕೋಳಿಮೊಟ್ಟೆಯಂತೆ ಇವನ್ನು ತಿರುಗಿಸಬಾರದು. ಚಿಪ್ಪಿನ ಒಳಮೈಗೆ ಅಂಟಿದ ಭ್ರೂಣ ಸಾಯುತ್ತದೆ. ನೀರನ್ನು ಹೀರಿ ಹಿಡಿದಿಡುವ ಹಗುರ ಖನಿಜವಾದ ವರ್ಮಿಕ್ಯುಲೈಟಿಗೆ ಅದರ ತೂಕದಷ್ಟೇ ನೀರು ಬೆರೆಸಿ, ಮೊಟ್ಟೆಯನ್ನು ಅರ್ಧ ಹುದುಗಿಸಿ, 28ರಿಂದ 30 ಡಿಗ್ರಿಯಲ್ಲಿಡುವುದು ವಾಡಿಕೆ. ಪೆಟ್ಟಿಗೆಯನ್ನು ಮೊದಲ ದಿನವೇ ತೂಗಿ ಬರೆದಿಟ್ಟರೆ ಎಷ್ಟು ನೀರು ಆರಿದೆ ಎಂಬುದು ತೂಕದಿಂದ ತಿಳಿಯುತ್ತದೆ. ಅಕಿ ಉಡದ ಮರಿಗಳು ಸುಮಾರು ಮೂರರಿಂದ ನಾಲ್ಕು ತಿಂಗಳಲ್ಲಿ ಹೊರಬಂದರೆ ಸವನ್ನಾ ಉಡದವು ಐದಾರು ತಿಂಗಳು ತೆಗೆದುಕೊಳ್ಳುತ್ತವೆ.

ಮೊಟ್ಟೆಯಲ್ಲಿ ಗುಳಿ ಬೀಳುವುದಕ್ಕೆ ಕಾಲಕ್ಕೆ ತಕ್ಕ ಅರ್ಥವಿದೆ. ಮೊದಲ ವಾರದಲ್ಲೇ ಹಳದಿಯಾಗಿ ಕುಗ್ಗಿ ಬೂಷ್ಟು ಹಿಡಿದರೆ ಅದು ಬಹುಶಃ ಫಲವಂತವಾಗಿರಲಿಲ್ಲ. ನಡುಗಾಲದಲ್ಲಿ ಎಲ್ಲ ಮೊಟ್ಟೆಗಳಲ್ಲೂ ಒಟ್ಟಿಗೆ ಗುಳಿ ಕಂಡರೆ ನೀರು ಸಾಲದು; ಮೊಟ್ಟೆಯ ಮೇಲೆ ಸುರಿಯದೆ, ಅಂಚಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಅವಧಿ ಮುಗಿಯುವ ಹೊತ್ತಿಗೆ ಬೀಳುವ ಗುಳಿ ಸಹಜ, ಅದಕ್ಕೆ ಹೆದರಿ ನೀರು ಸುರಿದರೆ ಪೂರ್ತಿ ಬೆಳೆದ ಮರಿ ಉಸಿರುಕಟ್ಟಿ ಸಾಯಬಹುದು. ಎರಡು ವಾರಗಳ ನಂತರ ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದಾಗ ಕೆಂಪು ರಕ್ತನಾಳಗಳ ಜಾಲ ಕಂಡರೆ ಭ್ರೂಣ ಬದುಕಿದೆ.

ಸತ್ತ ಮೊಟ್ಟೆಗಳನ್ನು ತೆರೆದು ನೋಡಲೇಬೇಕು, ಮನಸ್ಸಿಗೆ ಎಷ್ಟೇ ಕಷ್ಟವಾದರೂ. ಬೆಳವಣಿಗೆಯೇ ಇಲ್ಲದಿದ್ದರೆ ದೋಷ ಜೋಡಿಯಲ್ಲಿ ಅಥವಾ ಕೂಡುವಿಕೆಯಲ್ಲಿ. ಎಳೆಯ ಭ್ರೂಣ ಸತ್ತಿದ್ದರೆ ಮೊಟ್ಟೆಯನ್ನು ಎತ್ತಿಟ್ಟ ರೀತಿ ಅಥವಾ ಕಾವಿನ ಏರಿಳಿತ. ಬೆಳೆದ ಮರಿ ಸತ್ತಿದ್ದರೆ ಅತಿ ತೇವ, ಅತಿ ಬಿಸಿ, ಗಾಳಿಯಾಡದಿರುವುದು, ಇಲ್ಲವೇ ತಾಯಿಯ ಪೋಷಣೆಯ ಕೊರತೆ. ಈ ಟಿಪ್ಪಣಿ ಇಲ್ಲದೆ ಮುಂದಿನ ಕಂತಿನ ಮೊಟ್ಟೆಗಳನ್ನು ಕಾವಿಗಿಡುವುದು ಕಣ್ಣುಕಟ್ಟಿ ನಡೆದಂತೆ.

ಮರಿ ಮೊಟ್ಟೆ ಸೀಳಿದೆ, ಹೊರಬರುತ್ತಿಲ್ಲ

ಮೂತಿ ಹೊರಚಾಚಿ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಾಗೆಯೇ ಇರುವುದು ದೋಷವಲ್ಲ. ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಎಳೆದು ತೆಗೆದರೆ ಹೊಕ್ಕುಳಲ್ಲಿ ಚೀಲ ಹರಿದು ರಕ್ತ ಸೋರುತ್ತದೆ. ಹೊರಬಂದ ಮರಿಯನ್ನು ಒದ್ದೆ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಹೊಕ್ಕುಳು ಮುಚ್ಚುವವರೆಗೆ ಇಟ್ಟು, ಆಮೇಲೆ ಮಣ್ಣಿಗೆ ಬಿಡಬೇಕು. ಮೊದಲ ಕೆಲವು ದಿನ ಅದು ತಿನ್ನದಿದ್ದರೆ ಕಾರಣ ಆ ಹಳದಿಯೇ. ಆದರೆ ಮರಿಯ ಪೆಟ್ಟಿಗೆಯಲ್ಲಿಯೂ ಬಿಸಿ ತುದಿ, ತಂಪು ತುದಿ ಬೇರೆಬೇರೆಯಾಗಿ ಅಳತೆಗೆ ಸಿಗಬೇಕು: ಹದಿನೈದು ಗ್ರಾಂ ತೂಗದ ಮೈ ಕಾಯುವುದಕ್ಕೂ ಒಣಗುವುದಕ್ಕೂ ಬಹಳ ಹೊತ್ತು ಬೇಕಿಲ್ಲ, ತಂಪಿಗೆ ಸರಿಯಲು ಜಾಗವಿಲ್ಲದ ಪುಟ್ಟ ಡಬ್ಬಿಯಲ್ಲಿ ದೀಪದಡಿ ಬಿಟ್ಟ ಮರಿ ಒಂದೇ ಮಧ್ಯಾಹ್ನದಲ್ಲಿ ಸಾಯುತ್ತದೆ.